ಮಂಡಿ ಚಿಪ್ಪಿಗೂ ಬಟನ್ ಹಾಕಿಸ್ಬೇಕಾ?

ಅಕ್ಕಾ, ಈಗ ನೋಡಿದೆ ನಿನ್ನ ಮೆಸೇಜು. ದೊಡ್ಡಮ್ಮನ ಮಂಡಿ ಬದಲಾಯಿಸುವಾಗ ಚಿಪ್ಪಿಗೂ ಪ್ಲಾಸ್ಟಿಕ್ ಬಟನ್ ಹಾಕ್ತೀವಿ ಅಂತ ಒಬ್ಬ ಡಾಕ್ಟ್ರು, ಬೇಡ ಅಂತ ಇನ್ನೊಬ್ರು ಅಂದ್ರು ಅಂತೀಯಲ್ಲ, ಇಬ್ಬರಲ್ಲಿ ಯಾರೋ ದಾರಿ ತಪ್ಪಿಸ್ತಿದ್ದಾರೆ ಅಂದ್ಕೋಬೇಡ. ಅಮೆರಿಕದಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಹಾಕ್ತಾರೆ, ಸ್ವೀಡನ್‌ನಲ್ಲಿ ತೀರಾ ಅಪರೂಪ. ಚಿಕಿತ್ಸೆ ಹೇಗಿರಬೇಕು ಅಂತ ಸಲಹೆ ಕೊಡೋ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2020ರಲ್ಲಿ ಹಾಕೋದರ ಪರವಾಗಿ ಸಲಹೆ ಕೊಡ್ತು.

ಚಿಪ್ಪನ್ನೇ ಕಿತ್ತು ಹಾಕಲ್ಲ, ದೊಡ್ಡಮ್ಮನಿಗೆ ಆ ಭಯ ಬೇಡ. ಚಿಪ್ಪು ಸಾಮಾನ್ಯವಾಗಿ 22ರಿಂದ 25 ಮಿ.ಮೀ. ದಪ್ಪ. ಹಿಂಬದಿಯಿಂದ ಎಂಟೊಂಬತ್ತು ಮಿ.ಮೀ. ಕೊಯ್ದು, ತೂತು ಕೊರೆದು, ಅಷ್ಟೇ ದಪ್ಪದ ಪಾಲಿಥಿಲೀನ್ ಅನ್ನೋ ಪ್ಲಾಸ್ಟಿಕ್‌ನ ಬಟನ್ ಅನ್ನ ಸಿಮೆಂಟ್ ಹಾಕಿ ಕೂರಿಸ್ತಾರೆ. ಕೊಯ್ಯೋಕೆ ಮುಂಚೆ ಒಂದ್ಸಲ, ಕೂರಿಸಿದ ಮೇಲೆ ಒಂದ್ಸಲ ಕ್ಯಾಲಿಪರ್ ಇಟ್ಟು ಅಳೀಬೇಕು. 23 ಇದ್ದದ್ದು 26 ಆಯ್ತು ಅನ್ನು, ಮಂಡಿ ಮುಂದೆ ಬಿಗಿಯಾಗಿ ಪೂರ್ತಿ ಮಡಚೋಕೆ ಬರಲ್ಲ. ಜಾಸ್ತಿ ಕೊಯ್ದು ಉಳಿದ ಮೂಳೆ 12 ಮಿ.ಮೀ.ಗಿಂತ ತೆಳ್ಳಗಾದ್ರೆ ಚಿಪ್ಪು ಸೀಳೋ ಅಪಾಯ. ಅದಕ್ಕೇ ಮೊದಲೇ ತೆಳ್ಳಗಿರೋ ಸಣ್ಣ ಚಿಪ್ಪಿಗೆ ಕೈ ಹಚ್ಚೋಕೆ ಡಾಕ್ಟ್ರು ಹಿಂದೆ ಮುಂದೆ ನೋಡೋದು.

ಹಾಕದೆ ಬಿಡೋದು ಅಂದ್ರೂ ಹಾಗೇ ಬಿಡಲ್ಲ. ಅಂಚಲ್ಲಿ ಬೆಳೆದ ಮೂಳೆ ಮುಳ್ಳು ತೆಗೆದು ನಯ ಮಾಡ್ತಾರೆ. ಕೆಲವರು ಚಿಪ್ಪಿನ ಸುತ್ತಲೂ ಕಾಟರಿ ಅನ್ನೋ ಕರೆಂಟಿನ ಉಪಕರಣದಿಂದ ಸುಟ್ಟು ನೋವಿನ ನರ ಮಂಕು ಮಾಡ್ತಾರೆ. ತೊಂದರೆ ಏನು ಅಂದ್ರೆ, ಆಮೇಲೆ ಮುಂಭಾಗ ನೋಯ್ತು ಅಂತ ಮತ್ತೆ ಕೊಯ್ಸಿ ಬಟನ್ ಹಾಕಿಸಿದ್ರೂ ಕೆಲವರಿಗೆ ನೋವು ಹೋಗಲ್ಲ. ಎಷ್ಟೋ ಸಲ ತಪ್ಪು ಚಿಪ್ಪಿಂದೇ ಅಲ್ಲ! ತೊಡೆ ಮೂಳೆಗೆ ಹಾಕಿದ ಲೋಹದ ಭಾಗ ಒಳಗಡೆಗೆ ತಿರುಗಿ ಕೂತಿದ್ರೆ ಚಿಪ್ಪು ಹೊರಗಡೆಗೆ ಜಾರ್ತಾ ಇರುತ್ತೆ. ಬಟನ್ ಇದ್ರೂ ಅಷ್ಟೆ, ಇಲ್ದಿದ್ರೂ ಅಷ್ಟೆ. ಹಾಗಾಗಿ ಹೊಲಿಗೆ ಹಾಕೋ ಮುಂಚೆ ಚಿಪ್ಪನ್ನ ಹೆಬ್ಬೆರಳಿಂದ ಒತ್ತಿ ಹಿಡೀದೆ ಮಂಡಿ ಮಡಚಿ ನೋಡ್ತಾರೆ. ಚಿಪ್ಪು ತಾನಾಗೇ ನಡುವಿನ ತೋಡಿನಲ್ಲೇ ಓಡ್ಬೇಕು.

ದೊಡ್ಡಮ್ಮನಿಗೆ ರುಮಟಾಯ್ಡ್ ಸಂಧಿವಾತ ಇದ್ರೆ, ಮೆಟ್ಟಿಲಿಳಿಯುವಾಗ, ಕೂತು ಏಳುವಾಗ ಚಿಪ್ಪಿನ ಹಿಂದೇನೇ ನೋವಿದ್ರೆ, ಚಿಪ್ಪು ಒಳ್ಳೆ ದಪ್ಪ ಇದ್ರೆ ಹಾಕಿಸಿಬಿಡಿ ಅಂತೀನಿ. ಸವೆತ ಕಮ್ಮಿ, ಚಿಪ್ಪು ಸಣ್ಣದು ಅಂದ್ರೆ ಬೇಡ ಅಂದ ಡಾಕ್ಟ್ರ ಮಾತಲ್ಲೂ ಹುರುಳಿದೆ. ಸ್ಕೈಲೈನ್ ಎಕ್ಸ್‌ರೇ ತೆಗೆಸಿದ್ದಾರಾ ನೋಡು, ಮಂಡಿ ಮಡಚಿಸಿ ತೆಗೆಯೋದು. ಮುಂದಿಂದ ತೆಗೆದದ್ದರಲ್ಲಿ ಚಿಪ್ಪಿನ ಸವೆತ ಕಾಣಲ್ಲ. ಇಲ್ಲಾಂದ್ರೆ ನಾಳೆ ಹೋದಾಗ ಅದನ್ನ ಕೇಳಿ ಮಾಡಿಸು, ದಪ್ಪ ಎಷ್ಟು ಮಿಲಿಮೀಟರ್ ಅಂತಾನೂ ಬರಕೊಂಡು ಬಾ.