ರಿಕ್ವೆಸ್ಟ್ಸ್ ಇದೆ ಅಂತ ಪಿಪ್ ಹೇಳುತ್ತದೆ, ಇಲ್ಲ ಅಂತ ಪೈಥಾನ್ ಹೇಳುತ್ತದೆ

ಪ್ರಶ್ನೆ:
ನಮಸ್ಕಾರ. ನಮ್ಮ ತೋಟದ ಮಳೆ ಲೆಕ್ಕಕ್ಕೆ ಸಣ್ಣದೊಂದು ಪ್ರೋಗ್ರಾಮ್ ಬರೆಯುತ್ತಿದ್ದೇನೆ. ಹವಾಮಾನದ ಒಂದು ಸೈಟ್‌ನಿಂದ ದಿನದ ಅಂಕಿ ತಂದು ಫೈಲ್‌ಗೆ ಸೇರಿಸಬೇಕು, ಅಷ್ಟೇ. ಸೈಟ್‌ನಿಂದ ತರಲು ರಿಕ್ವೆಸ್ಟ್ಸ್ ಅನ್ನುವ ಮಾಡ್ಯೂಲ್ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಬಳಸುತ್ತಿದ್ದೇನೆ. ವಿಂಡೋಸ್ 11, ಪೈಥಾನ್ 3.12. ಓಡಿಸಿದರೆ 'ಮಾಡ್ಯೂಲ್‌ನಾಟ್‌ಫೌಂಡ್‌ಎರರ್: ನೋ ಮಾಡ್ಯೂಲ್ ನೇಮ್ಡ್ ರಿಕ್ವೆಸ್ಟ್ಸ್' ಅಂತ ಬರುತ್ತದೆ. 'ಪಿಪ್ ಇನ್‌ಸ್ಟಾಲ್ ರಿಕ್ವೆಸ್ಟ್ಸ್' ಕೊಟ್ಟರೆ, ಮಾಡ್ಯೂಲ್‌ಗಳನ್ನು ಹಾಕಿಕೊಡುವ ಪಿಪ್ ಅದು ಆಗಲೇ ಇದೆ ಅನ್ನುತ್ತದೆ. ಎರಡು ದಿನದಿಂದ ಇಲ್ಲೇ ನಿಂತಿದ್ದೇನೆ. ಯಾರಾದರೂ ದಾರಿ ತೋರಿಸಿ.

ಉತ್ತರ:
ಸರ್, ಎರಡೂ ಸುಳ್ಳು ಹೇಳುತ್ತಿಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎರಡು ಪೈಥಾನ್ ಇರಬೇಕು. 'ಪೈಥಾನ್ --ವರ್ಷನ್' ಮತ್ತು 'ಪಿಪ್ --ವರ್ಷನ್' ಎರಡನ್ನೂ ಕೊಟ್ಟು ನೋಡಿ. ಪಿಪ್ ಸಾಲಿನ ಕೊನೆಗೆ, ಕಂಸದೊಳಗೆ, ತಾನು ಯಾವ ಪೈಥಾನ್‌ಗೆ ಸೇರಿದ್ದು ಅಂತ ಅದೇ ಹೇಳುತ್ತದೆ. ಅಲ್ಲಿ 3.12 ಬಿಟ್ಟು ಬೇರೆ ಇದ್ದರೆ ಕಾರಣ ಸಿಕ್ಕಿತು. ಪ್ರತಿ ಪೈಥಾನ್‌ಗೂ ಅದರದೇ ಸೈಟ್-ಪ್ಯಾಕೇಜಸ್ ಫೋಲ್ಡರ್ ಇರುತ್ತದೆ. ಒಂದರಲ್ಲಿ ಹಾಕಿದ್ದು ಇನ್ನೊಂದಕ್ಕೆ ಕಾಣುವುದಿಲ್ಲ.

ಇನ್ನು ಮುಂದೆ ಬರೀ 'ಪಿಪ್' ಬದಲು 'ಪೈಥಾನ್ -ಎಮ್ ಪಿಪ್ ಇನ್‌ಸ್ಟಾಲ್ ರಿಕ್ವೆಸ್ಟ್ಸ್' ಅಂತ ಕೊಡಿ. ಆಗ ಪ್ರೋಗ್ರಾಮ್ ಓಡಿಸುವ ಪೈಥಾನ್‌ಗೇ ಹೋಗಿ ಸೇರುತ್ತದೆ.

ಪ್ರಶ್ನೆ ಕೇಳಿದವರು:
ನೀವು ಹೇಳಿದ ಹಾಗೇ ಇತ್ತು, ಪಿಪ್ 3.10ರದ್ದು. ಕಮಾಂಡ್ ಪ್ರಾಂಪ್ಟ್ ತೆರೆದು ಹೊಸ ರೀತಿಯಲ್ಲಿ ಹಾಕಿದೆ, ಇನ್‌ಸ್ಟಾಲ್ ಆಯಿತು. ಆದರೆ ಈಗ ಬೇರೆಯೇ ಎರರ್: 'ಕ್ಯಾನಾಟ್ ಇಂಪೋರ್ಟ್ ನೇಮ್ ಟೈಮ್‌ಜಿಎಮ್ ಫ್ರಮ್ ಕ್ಯಾಲೆಂಡರ್'. ನಾನು ಟೈಮ್‌ಜಿಎಮ್ ಅಂತ ಎಲ್ಲೂ ಬರೆದೇ ಇಲ್ಲ. ಇನ್ನೊಂದು ವಿಚಿತ್ರ, ಎರರ್‌ಗಿಂತ ಮೊದಲು ಪರದೆ ಮೇಲೆ 'ಚೈತ್ರ, ವೈಶಾಖ, ಜ್ಯೇಷ್ಠ' ಅಂತ ಹನ್ನೆರಡು ಮಾಸಗಳ ಹೆಸರು ಬರುತ್ತವೆ!

ಉತ್ತರ:
ಮಾಸಗಳ ಹೆಸರು ಬರೆದಿದ್ದು ಒಳ್ಳೆಯದಾಯಿತು, ಅಲ್ಲೇ ಉತ್ತರ ಇದೆ. ಆ ಫೋಲ್ಡರ್‌ನಲ್ಲಿ ಕ್ಯಾಲೆಂಡರ್.ಪಿವೈ ಅಂತ ನಿಮ್ಮದೇ ಹಳೆಯ ಫೈಲ್ ಇದೆ ಅಲ್ವಾ? ಎರರ್‌ನ ಕೊನೆ ಸಾಲು ಪೂರ್ತಿ ಓದಿ. ಕಂಸದಲ್ಲಿ ಆ ಫೈಲ್‌ನ ವಿಳಾಸವೇ ಇರುತ್ತದೆ.

ಪೈಥಾನ್ ಮಾಡ್ಯೂಲ್ ಹುಡುಕುವಾಗ ಪ್ರೋಗ್ರಾಮ್ ಇರುವ ಫೋಲ್ಡರನ್ನು ಮೊದಲು ನೋಡುತ್ತದೆ, ತನ್ನ ಸ್ವಂತ ಲೈಬ್ರರಿಯನ್ನು ಆಮೇಲೆ. ರಿಕ್ವೆಸ್ಟ್ಸ್‌ಗೆ ಎಚ್‌ಟಿಟಿಪಿ.ಕುಕೀಜಾರ್ (ಸೈಟ್‌ಗಳ ಕುಕೀ ನೋಡಿಕೊಳ್ಳುವ ಪೈಥಾನ್‌ನದೇ ಮಾಡ್ಯೂಲ್) ಬೇಕು. ಕುಕೀಜಾರ್‌ಗೆ ಪೈಥಾನ್‌ನದೇ ಕ್ಯಾಲೆಂಡರ್ ಮಾಡ್ಯೂಲ್‌ನಿಂದ ಟೈಮ್‌ಜಿಎಮ್ ಅನ್ನುವ ಫಂಕ್ಷನ್ ಬೇಕು. ಅದು ಕ್ಯಾಲೆಂಡರ್ ಅಂತ ಕೇಳಿದಾಗ ಸಿಕ್ಕಿದ್ದು ನಿಮ್ಮ ಫೈಲ್. ಇಂಪೋರ್ಟ್ ಅಂದರೆ ಫೈಲನ್ನು ಓಡಿಸುವುದೇ, ಹಾಗಾಗಿ ನಿಮ್ಮ ಮಾಸಗಳು ಅಚ್ಚಾದವು. ಟೈಮ್‌ಜಿಎಮ್ ಅದರಲ್ಲಿ ಇರಲಿಲ್ಲ, ಅಲ್ಲಿಗೆ ನಿಂತಿತು.

ಹೆಸರು ಬದಲಿಸಿ ಸಾಕು, ಮಾಸಗಳು.ಪಿವೈ ಅಂತಲೂ ಇಡಬಹುದು. ಪೈಕ್ಯಾಶ್ ಫೋಲ್ಡರ್ (ಪೈಥಾನ್ ತಾನು ಕಂಪೈಲ್ ಮಾಡಿದ ಪ್ರತಿಗಳನ್ನು ಇಡುವ ಜಾಗ) ಅಳಿಸಿ ಅಂತ ಯಾರಾದರೂ ಹೇಳಬಹುದು, ಅದರ ಅಗತ್ಯ ಇಲ್ಲ. ಮೂಲ ಫೈಲ್ ಇಲ್ಲದಿದ್ದರೆ ಈಗಿನ ಪೈಥಾನ್ ಅಲ್ಲಿರುವುದನ್ನು ಮುಟ್ಟುವುದಿಲ್ಲ.

ಪ್ರಶ್ನೆ ಕೇಳಿದವರು:
ಹೆಸರು ಬದಲಿಸಿದೆ, ಓಡಿತು! ನಿನ್ನೆಯ ಮಳೆ ಫೈಲ್‌ಗೆ ಸೇರಿತು. ತುಂಬಾ ಧನ್ಯವಾದ ಸರ್. ಪಕ್ಕದ ಫೋಲ್ಡರ್‌ನಲ್ಲಿ ಮಗಳು ಬರೆದ ಟರ್ಟಲ್.ಪಿವೈ ಇದೆ. ಟರ್ಟಲ್ ಅನ್ನುವುದೂ ಪೈಥಾನ್‌ನದೇ ಮಾಡ್ಯೂಲ್, ಆಮೆಯಿಂದ ಚಿತ್ರ ಬಿಡಿಸುವುದು. ಅವಳ ಆಮೆ ಯಾಕೆ ಒಂದು ಗೆರೆಯನ್ನೂ ಎಳೆಯಲಿಲ್ಲ ಅಂತ ಈಗ ಗೊತ್ತಾಯಿತು. ಸಂಜೆ ಶಾಲೆಯಿಂದ ಬಂದಮೇಲೆ ಇಬ್ಬರೂ ಕೂತು ಹೆಸರು ಬದಲಿಸುತ್ತೇವೆ.