ಚಿಕ್ಕಪ್ಪನಿಗೆ ಸ್ಕಿಜೋಫ್ರೇನಿಯಾ ಇದ್ದರೆ ಹುಡುಗಿಗೆ ಜೀನ್ ಟೆಸ್ಟ್ ಬೇಕಾ?

ತೀರ್ಥಹಳ್ಳಿ_ಆಪ್ತಸಲಹೆ:
ಅಡಿಕೆ ಕೊಯ್ಲು ಮುಗಿದು ಸಂಬಂಧ ನೋಡೋಕೆ ಶುರುವಾದರೆ ಈ ಪ್ರಶ್ನೆ ಬಂದೇ ಬರುತ್ತೆ. ಹುಡುಗಿಗೆ 27, ಆರಾಮಾಗಿದ್ದಾಳೆ. ಚಿಕ್ಕಪ್ಪನಿಗೆ ಸ್ಕಿಜೋಫ್ರೇನಿಯಾ (ಭ್ರಮೆ, ಇಲ್ಲದ ದನಿ ಕೇಳಿಸುವಂಥ ಮನೋರೋಗ). ಗಂಡಿನ ಕಡೆಯವರು ‘ಪಾಲಿಜೆನಿಕ್ ರಿಸ್ಕ್ ಸ್ಕೋರ್’ (ಹಲವು ಜೀನ್ ವ್ಯತ್ಯಾಸಗಳನ್ನ ಕೂಡಿಸಿ ಅಪಾಯಕ್ಕೆ ಅಂಕ ಕೊಡುವ ಪರೀಕ್ಷೆ) ಮಾಡಿಸಿ ಅಂತಿದ್ದಾರೆ. ಅದರಿಂದ ಏನಾದ್ರೂ ಗೊತ್ತಾಗುತ್ತಾ? ಇಲ್ಲಾಂದ್ರೆ ಯಾವ ಲೆಕ್ಕ ಹೇಳೋದು?

ವಂಶವಾಹಿ:
ದುಡ್ಡು ದಂಡ. 2022ರ ದೊಡ್ಡ ಜೀನೋಮ್ ಅಧ್ಯಯನ ವಂಶವಾಹಿಗಳಲ್ಲಿ ಈ ಕಾಯಿಲೆಗೆ ನಂಟಿರುವ 287 ಜಾಗ ಗುರುತಿಸಿತು, ಒಂದೊಂದರ ತೂಕ ಸಾಸಿವೆಯಷ್ಟು. ಎಲ್ಲ ಕೂಡಿಸಿದ ಸ್ಕೋರೂ ಜನರ ನಡುವಿನ ಅಪಾಯದ ವ್ಯತ್ಯಾಸದಲ್ಲಿ ಶೇ. 10ನ್ನೂ ವಿವರಿಸಲ್ಲ. ಮಾದರಿ ಕೊಟ್ಟವರಲ್ಲಿ ಹೆಚ್ಚಿನವರು ಯುರೋಪ್ ಮೂಲದವರು, ಹಾಗಾಗಿ ನಮ್ಮವರಿಗೆ ಅದು ಇನ್ನೂ ಅಡ್ಡಾದಿಡ್ಡಿ.

ಮನೆತನದ ಲೆಕ್ಕವೇ ವಾಸಿ. ಜೀವಮಾನದಲ್ಲಿ ಈ ಕಾಯಿಲೆ ಬರುವ ಸಾಧ್ಯತೆ ಯಾರಿಗಾದರೂ 100ಕ್ಕೆ ಸುಮಾರು 1. ಚಿಕ್ಕಪ್ಪ, ಸೋದರಮಾವನಿಗಿದ್ದರೆ 3-4. ಅಪ್ಪ ಅಥವಾ ಅಮ್ಮನಿಗಿದ್ದರೆ 10ರ ಆಸುಪಾಸು, ಇಬ್ಬರಿಗೂ ಇದ್ದರೆ 40ರ ಹತ್ತಿರ. ‘ನಾಲ್ಕು ಪಟ್ಟು ಜಾಸ್ತಿ’ ಅನ್ನಬೇಡಿ, ಗಾಬರಿಯಾಗ್ತಾರೆ. ‘ಇಂಥ 100 ಹುಡುಗಿಯರಲ್ಲಿ 96 ಜನಕ್ಕೆ ಬರಲ್ಲ’ ಅನ್ನಿ.

ಹಳೇಚೀಟಿ:
ಅದಕ್ಕೂ ಮುಂಚೆ ಚಿಕ್ಕಪ್ಪನ ಕಾಯಿಲೆ ಅದೇ ಹೌದಾ ನೋಡಿ. ‘ತಲೆ ಸರಿಯಿಲ್ಲ’ ಅನ್ನೋದರೊಳಗೆ ಕುಡಿತದ ಭ್ರಮೆ, ಮೂರ್ಛೆರೋಗ, ಬೈಪೋಲಾರ್ (ಅತಿ ಉತ್ಸಾಹ, ಖಿನ್ನತೆ ಸರದಿಯಲ್ಲಿ ಬರುವ ಕಾಯಿಲೆ) ಎಲ್ಲ ಸೇರಿರುತ್ತೆ. ಔಷಧಿ ಚೀಟಿ ತರಿಸಿ. ವರ್ಷಗಟ್ಟಲೆ ಲಿಥಿಯಂ ಇದ್ದರೆ ಬೈಪೋಲಾರ್ ಅನುಮಾನಪಡಿ. ಕ್ಲೋಜಪಿನ್ ಮಾತ್ರೆ ಇದ್ದು (ಅದು ಬಿಳಿ ರಕ್ತಕಣ ಇಳಿಸಬಹುದು, ಅದಕ್ಕೇ ತಪಾಸಣೆ), ಮೊದಲ 18 ವಾರದ ಬಿಳಿ ರಕ್ತಕಣದ ರಿಪೋರ್ಟುಗಳನ್ನ ಪಿನ್ ಹೊಡೆದಿಟ್ಟಿದ್ದರೆ ಅದು ಬೇರೆ ಮಾತ್ರೆಗೆ ಬಗ್ಗದ ಸ್ಕಿಜೋಫ್ರೇನಿಯಾ ಇರಬಹುದು. ನಿಮ್ಹಾನ್ಸ್‌ನವರು ನಿಮ್ಮ ತಾಲ್ಲೂಕಿನಲ್ಲೇ ರೋಗಿಗಳನ್ನು ಗುರುತಿಸಿ ಚಿಕಿತ್ಸೆ ಕೊಟ್ಟಿದ್ದಾರೆ, ಆ ಕಾಲದ ಕಾಗದವೂ ಸಿಗಬಹುದು.

ಮೂರು ತಲೆಮಾರಿನ ವಂಶವೃಕ್ಷ ಬರೆಯಿರಿ. ಅಕ್ಕನ ಮಗಳನ್ನೇ ತಂದ ಮನೆಯಾದರೆ ಹುಷಾರು: ಒಬ್ಬನೇ ರೋಗಿ ಅಪ್ಪನ ಕಡೆಗೂ ಅಮ್ಮನ ಕಡೆಗೂ ಸೇರಿ ಎರಡು ಸಲ ಎಣಿಕೆಯಾಗ್ತಾನೆ.

ವಂಶವಾಹಿ:
ಒಂದು ಬಿಟ್ಟೆ. ಮನೆಯಲ್ಲಿ ಯಾರಿಗಾದ್ರೂ ಹುಟ್ಟಿನಿಂದ ಹೃದಯದ ತೊಂದರೆ, ಸೀಳಂಗುಳ, ಕ್ಯಾಲ್ಸಿಯಂ ಕೊರತೆ, ಕಲಿಕೆಯಲ್ಲಿ ಹಿಂದುಳಿಕೆ ಒಟ್ಟಿಗಿದ್ದರೆ 22ಕ್ಯೂ11.2 ಲೋಪ (22ನೇ ಕ್ರೋಮೋಸೋಮಿನ ಒಂದು ಸಣ್ಣ ತುಂಡು ಇಲ್ಲದಿರೋದು) ಹುಡುಕಬೇಕು. ಅದಿದ್ದವರಲ್ಲಿ ಸುಮಾರು ನಾಲ್ಕರಲ್ಲೊಬ್ಬರಿಗೆ ಮನೋವಿಕೃತಿ ಬರುತ್ತೆ. ಮಾಮೂಲಿ ಕ್ಯಾರಿಯೋಟೈಪಿನಲ್ಲಿ (ಸೂಕ್ಷ್ಮದರ್ಶಕದಲ್ಲಿ ಕ್ರೋಮೋಸೋಮ್ ನೋಡೋದು) ಅಷ್ಟು ಸಣ್ಣ ತುಂಡು ತಪ್ಪಿಹೋಗುತ್ತೆ, ಸಣ್ಣ ಲೋಪಗಳನ್ನೂ ಹಿಡಿಯುವ ಮೈಕ್ರೋಅರೇ ಥರದ ಪರೀಕ್ಷೆ ಬೇಕು.

ತೀರ್ಥಹಳ್ಳಿ_ಆಪ್ತಸಲಹೆ:
ಅಂಥದ್ದೇನಿಲ್ಲ. ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ), ಎಂಆರ್‌ಐ ಸ್ಕ್ಯಾನ್ ಮಾಡಿಸಬೇಕಾ?

ಹಳೇಚೀಟಿ:
ಇಇಜಿಯ ‘ಮಿಸ್‌ಮ್ಯಾಚ್ ನೆಗೆಟಿವಿಟಿ’ (ಒಂದೇ ಥರದ ಸದ್ದುಗಳ ನಡುವೆ ಬೇರೆ ಸದ್ದು ಬಂದಾಗ ಮಿದುಳು ತೋರುವ ಅಲೆ) ರೋಗಿಗಳ ಗುಂಪಿನ ಸರಾಸರಿಯಲ್ಲಿ ಕಡಿಮೆ ಕಾಣುತ್ತೆ, ಆದರೆ ಆರೋಗ್ಯವಂತರ ಅಳತೆಯೂ ಅದರೊಳಗೇ ಬೆರೆತಿರುತ್ತೆ. ಎಂಆರ್‌ಐ ಮಾಡಿಸೋದು ಗೆಡ್ಡೆಗಿಡ್ಡೆ ಇಲ್ಲ ಅಂತ ಖಾತ್ರಿಗೆ, ಅದೂ ಲಕ್ಷಣ ಇದ್ದವರಿಗೆ. ಅದರ ಬದಲು ಗಾಂಜಾ ಬಗ್ಗೆ ವಿಚಾರಿಸಿ, ಮನೆಯಲ್ಲಿ ಈ ಕಾಯಿಲೆ ಇರುವವರಿಗೆ ಅದು ನಿಜವಾದ ಅಪಾಯ. ಹಾಗೇ ಗಂಡಿನ ಕಡೆಯ ವಂಶವೃಕ್ಷವನ್ನೂ ಬರೆಸಿ, ಆ ಮನೆ ಅಟ್ಟದ ಮೇಲೂ ಹಳೇ ಚೀಟಿ ಇದ್ದೀತು.