ಇಪ್ಪತ್ತು ವರ್ಷದಿಂದ ಅದೇ ಕೋಪ, ಅದೇ ಕುಮ್ಸಾರ್. ಪವಿತ್ರರಾಗುವುದು ಅಂದರೆ ಎಂತ?

ಮಲ್ಲಿಗೆಗಿಡ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೆ 47 ವರ್ಷ. ಉಡುಪಿ ಕಡೆಯ ಶಂಕರಪುರದ ಹತ್ತಿರ ಮನೆ, 60 ಮಲ್ಲಿಗೆ ಗಿಡ ಉಂಟು. ಮದುವೆಯಾಗಿ ಬಂದಾಗಿನಿಂದ ನನಗೆ ಎರಡೇ ಕಷ್ಟ, ಅಟ್ಟೆ ಮತ್ತು ಅತ್ತೆ. (ಈ ಕಡೆಯವರಲ್ಲದವರಿಗೆ ಹೇಳುತ್ತೇನೆ: 800 ಮೊಗ್ಗು ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅತ್ತೆ ಅಂದರೆ ಎಂತ ಅಂತ ಬಿಡಿಸಿ ಹೇಳಬೇಕಾಗಿಲ್ಲ.)

ತಿಂಗಳಿಗೊಮ್ಮೆ ಕುಮ್ಸಾರಿಗೆ, ಅಂದರೆ ಫಾದರ್ ಹತ್ತಿರ ಪಾಪ ಹೇಳಿಕೊಳ್ಳಲು, ಹೋಗುತ್ತೇನೆ. ಇಪ್ಪತ್ತು ವರ್ಷದಿಂದ ಹೇಳುವುದು ಒಂದೇ, "ಅತ್ತೆಗೆ ಎದುರು ಮಾತಾಡಿದೆ, ಕೋಪ ಮಾಡಿದೆ." ಫಾದರ್‌ಗಳು ಬದಲಾಗುತ್ತಾರೆ, ನನ್ನ ಪಾಪ ಬದಲಾಗುವುದಿಲ್ಲ. ಮೂರು ನಮೋ ಮರಿಯಾ ಹೇಳಲು ಕೊಡುತ್ತಾರೆ, ಹೇಳುತ್ತೇನೆ. ಮರುದಿನ ಬೆಳಗ್ಗೆ ಹೂ ಕಟ್ಟಲು ಕೂತರೆ ಮತ್ತೆ ಅದೇ.

ಈ ಸಲ ಈಸ್ಟರ್‌ಗೆ ಮೊದಲಿನ ತಪಸ್ಸುಕಾಲದಲ್ಲಿ ಧ್ಯಾನಕೂಟಕ್ಕೆ ಹೋಗಿದ್ದೆ. ದಿನ ದಿನವೂ ಪವಿತ್ರತೆಯಲ್ಲಿ ಬೆಳೆಯಬೇಕು ಅಂದರು. ಮನೆಗೆ ಬಂದು ದಿನಕ್ಕೆ ಎರಡು ತೇರ್ಸ್ (ಜಪಮಾಲೆಯ ಪ್ರಾರ್ಥನೆ) ಹೇಳಲು ಶುರು ಮಾಡಿದೆ. ತೇರ್ಸ್ ಜಾಸ್ತಿಯಾಯಿತು, ಕೋಪ ಕಡಿಮೆಯಾಗಲಿಲ್ಲ. ಗಿಡವಾದರೆ ಚಿಗುರಿದ್ದು ಕಣ್ಣಿಗೆ ಕಾಣುತ್ತದೆ. ಇದು ಬೆಳೆಯುತ್ತಾ ಉಂಟೋ ಇಲ್ಲವೋ ನೋಡುವುದು ಹೇಗೆ?

ಜಗಳ ಎಂತದಕ್ಕೆ ಅಂತ ಕೇಳಬಹುದು. ಅತ್ತೆಗೆ 78, ಕಣ್ಣು ಮಂಜು. ಹೂ ತೆಗೆದುಕೊಂಡು ಹೋಗುವವನು ಬಂದು ಅಂಗಳದಲ್ಲಿ ಹಾರ್ನ್ ಹಾಕುತ್ತಿರುತ್ತಾನೆ, ಇವರು ಇನ್ನೂ "ಮುನ್ನೂರ ಹದಿನಾರು, ಮುನ್ನೂರ ಇಪ್ಪತ್ತು" ಅನ್ನುತ್ತಾ ಬಾಳೆನಾರು ಸುತ್ತುತ್ತಿರುತ್ತಾರೆ. ನಾನು ಅಷ್ಟೆಲ್ಲ ಲೆಕ್ಕ ಇಡುವುದಿಲ್ಲ, ಕೈ ಅಂದಾಜು. ಹೂ ಕಡಿಮೆ ಇದ್ದು ರೇಟು ಜಾಸ್ತಿ ಇರುವ ದಿನ 20-30 ಮೊಗ್ಗು ಆಚೀಚೆ ಆಗುತ್ತದೆ, ಅದು ಬಿಡಿ. ಅತ್ತೆ ನಾನು ಕಟ್ಟಿದ ಚೆಂಡನ್ನು ಎತ್ತಿ, ಅಂಗೈಯಲ್ಲಿಟ್ಟು ಸ್ವಲ್ಪ ತೂಗಿ ನೋಡಿ ಕೆಳಗಿಡುತ್ತಾರೆ. ಒಂದು ಮಾತೂ ಆಡುವುದಿಲ್ಲ. ಅಷ್ಟಕ್ಕೇ ನನಗೆ ಮೈಯೆಲ್ಲ ಉರಿಯುತ್ತದೆ.

ಮುಂಜಾನೆಯ ನಕ್ಷತ್ರ:

ಸಿಸ್ಟರ್, ಪ್ರಾರ್ಥನೆ ಇನ್ನೂ ಜಾಸ್ತಿ ಮಾಡಿ. ಶುಕ್ರವಾರ ಉಪವಾಸ ಹಿಡಿಯಿರಿ. ಸೈತಾನ ಮನೆಯವರ ರೂಪದಲ್ಲೂ ಬರುತ್ತಾನೆ.

ಮಲ್ಲಿಗೆಗಿಡ:

ಅಯ್ಯೋ ಸರ್, ಸೈತಾನನನ್ನು ಮಧ್ಯೆ ತರಬೇಡಿ. ನನಗೆ ಹೂ ಕಟ್ಟಲು ಕಲಿಸಿದ್ದೇ ಅವರು.

ನೈಟ್‌ಡ್ಯೂಟಿ, ಕಂಕನಾಡಿ:

ಅಕ್ಕ, ರಾತ್ರಿ ಪಾಳಿ ಮುಗಿಸಿ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ.

ಫ್ರಾನ್ಸಿನ ಲಿಸಿಯೂದ ಸಂತೆ ಪುಟ್ಟ ತೆರೇಸಾ ಗೊತ್ತಲ್ವಾ? 1897ರಲ್ಲಿ, 24ನೇ ವಯಸ್ಸಿಗೆ ತೀರಿಕೊಂಡವರು. ಅವರ ಮಠದಲ್ಲಿ ಕಾಯಿಲೆಯ ಮುದುಕಿ ಸಿಸ್ಟರ್ ಒಬ್ಬರಿದ್ದರು. ದಿನಾ ಸಂಜೆ ಅವರನ್ನು ಊಟದ ಕೋಣೆಗೆ ನಡೆಸಿಕೊಂಡು ಹೋಗುವ ಕೆಲಸ ತೆರೇಸಾ ತಾನಾಗಿಯೇ ವಹಿಸಿಕೊಂಡಿದ್ದರು. ಸ್ವಲ್ಪ ಬೇಗ ನಡೆದರೆ "ನನ್ನನ್ನು ಬೀಳಿಸುತ್ತೀ", ನಿಧಾನ ಮಾಡಿದರೆ "ಕೈ ಬಿಟ್ಟುಬಿಟ್ಟೆಯಾ". ಕೂರಿಸಿದ ಮೇಲೆ, ಅವರ ಸೊಟ್ಟ ಕೈಗೆ ಬ್ರೆಡ್ ತುಂಡು ಮಾಡಲು ಆಗುವುದಿಲ್ಲ ಅಂತ ನೋಡಿ ಅದನ್ನೂ ತೆರೇಸಾ ಮಾಡಿಕೊಡುತ್ತಿದ್ದರು. ಹೊರಡುವ ಮೊದಲು ಒಂದು ನಗು. ಆ ಮುದುಕಿ ಒಲಿದದ್ದು ಆ ನಗುವಿಗಂತೆ.

ವಾರ್ಡಿನಲ್ಲಿ ಕೆಲವು ಅಜ್ಜಿಯಂದಿರು ಸಿಕ್ಕಾಗ ನಾನು ಆ ಬ್ರೆಡ್ ನೆನಪು ಮಾಡಿಕೊಳ್ಳುತ್ತೇನೆ. ಪ್ರತಿ ಸಲ ಆಗುವುದಿಲ್ಲ. ನಿನ್ನೆ ರಾತ್ರಿಯಂತೂ ಆಗಲಿಲ್ಲ, ಮೂರು ಗಂಟೆಗೆ ಒಬ್ಬರಿಗೆ ಜೋರು ಮಾಡಿಬಿಟ್ಟೆ. ಇವತ್ತು ಮತ್ತೆ ಅದೇ ಬೆಡ್ಡಿನ ಡ್ಯೂಟಿ.

ಹಳೆ ಹೆಂಚು, ಉಡುಪಿ:

ತಂಗೀ, ನಾನು ಪ್ರೊಟೆಸ್ಟಂಟ್, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವನು, ರಿಟೈರ್ ಆದವನು. ನಮ್ಮಲ್ಲಿ ಕುಮ್ಸಾರ್ ಇಲ್ಲ. ಹಾಗಾಗಿ ನೀವು ಫಾದರಿಗೆ ಹೇಳದ ಒಂದು ಮಾತನ್ನು ಇಲ್ಲಿ ನಮಗೆ ಹೇಳಿದ್ದೀರಿ ಅಂತ ನನಗೆ ಅನಿಸಿತು. ಬೇಜಾರು ಮಾಡಬೇಡಿ.

"20-30 ಮೊಗ್ಗು ಆಚೀಚೆ, ಅದು ಬಿಡಿ" ಅಂತ ಬರೆದಿದ್ದೀರಿ. ನಾನು ಬಿಡಲಿಲ್ಲ. ರೇಟು ಜಾಸ್ತಿ ಇರುವ ದಿನ ಆಚೆಗೆ ಹೋಗುವುದೋ, ಈಚೆಗೆ ಬರುವುದೋ?

ಬೈಬಲಿನಲ್ಲಿ ಯಾಜಕಕಾಂಡದ 19ನೇ ಅಧ್ಯಾಯ ತೆಗೆದು ನೋಡಿ. "ನಾನು ಪರಿಶುದ್ಧನು, ನೀವೂ ಪರಿಶುದ್ಧರಾಗಿರಿ" ಅಂತ ದೇವರು ಶುರು ಮಾಡುತ್ತಾನೆ. ಓದುವವನಿಗೆ ಮುಂದೆ ಬರೀ ಪ್ರಾರ್ಥನೆ, ಉಪವಾಸ ಬರುತ್ತದೆ ಅನಿಸುತ್ತದೆ. ಬರುವುದೆಂತ? ಪೈರು ಕೊಯ್ಯುವಾಗ ಗದ್ದೆಯ ಅಂಚನ್ನು ಬಡವರಿಗೆ ಬಿಡು. ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ. ಕಿವುಡನನ್ನು ಬೈಯಬೇಡ. ಕೊನೆಗೆ ತಕ್ಕಡಿ, ತೂಕದ ಕಲ್ಲು, ಅಳತೆಯ ಸೇರು ಸರಿಯಾಗಿರಲಿ. ಮಲ್ಲಿಗೆ ಚೆಂಡು ಒಂದು ಬಾಕಿ, ಅಷ್ಟೇ.

ನಮ್ಮ ಅಜ್ಜ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಗೆ ಹೋಗುತ್ತಿದ್ದವರು. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಶನಿನ ಪಾದ್ರಿಗಳು 1865ರಲ್ಲಿ ಆ ಕೆಲಸ ಶುರು ಮಾಡಿದ ಮೇಲೆ ನಮ್ಮ ಎಷ್ಟೋ ಮನೆಗಳಿಗೆ ಅದೇ ಅನ್ನ. ಅಜ್ಜ ಮನೆಗೆ ಹೆಂಚು ತಂದರೆ ಒಂದೊಂದನ್ನೂ ಬೆರಳ ಗೆಣ್ಣಿನಲ್ಲಿ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದರು. ಬಿರುಕು ಬಿಟ್ಟದ್ದು ನೋಡಲಿಕ್ಕೆ ಒಳ್ಳೆಯದೇ, ಶಬ್ದ ಮಾತ್ರ ಮಂಕಾಗಿ ಬರುತ್ತದೆ. ನಿಮ್ಮ ಅತ್ತೆ ಚೆಂಡು ತೂಗಿ ನೋಡುವುದನ್ನು ಓದುವಾಗ ಅವರ ನೆನಪಾಯಿತು.

ಇನ್ನು ಕೋಪದ ವಿಷಯ. ಭಯದಿಂದ ನಡುಗುತ್ತಾ ನಿಮ್ಮ ರಕ್ಷಣೆಯನ್ನು ಸಾಧಿಸಿಕೊಳ್ಳಿ ಅನ್ನುತ್ತಾನೆ ಪೌಲ, ಫಿಲಿಪ್ಪಿಯವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ. ಮರು ವಚನದಲ್ಲೇ, ನಿಮ್ಮೊಳಗೆ ಕೆಲಸ ಮಾಡುವವನು ದೇವರು ಅಂತಲೂ ಹೇಳುತ್ತಾನೆ. ನಾನು ನಲ್ವತ್ತು ವರ್ಷ ಮೊದಲ ವಚನ ಹಿಡಿದುಕೊಂಡು ಒದ್ದಾಡಿದೆ. ಎರಡನ್ನೂ ಒಟ್ಟಿಗೆ ಓದಬೇಕು ಮಾರಾಯ್ರೆ.

ಮಲ್ಲಿಗೆಗಿಡ:

ಸರ್, ಓದಿ ಮೊದಲು ನಿಮ್ಮ ಮೇಲೆಯೇ ಕೋಪ ಬಂತು. ಫೋನ್ ಮಗುಚಿ ಇಟ್ಟು ಹೋದೆ.

ಮರುದಿನ ಬೆಳಗ್ಗೆ, ಅತ್ತೆ ಸ್ನಾನಕ್ಕೆ ಹೋದಾಗ, ನಾನು ಕಟ್ಟಿದ ಎರಡು ಚೆಂಡು ಬಿಡಿಸಿ ಎಣಿಸಿದೆ. ನಾನು ನಾಲ್ಕು ನಾಲ್ಕಾಗಿ ಕಟ್ಟುವವಳು. ಒಂದರಲ್ಲಿ 772, ಇನ್ನೊಂದರಲ್ಲಿ 780. ಕೈ ಅಂದಾಜು ಆಗಿದ್ದರೆ ಒಮ್ಮೆಯಾದರೂ 812 ಬರಬೇಕಿತ್ತಲ್ವಾ? ಬರುವುದಿಲ್ಲ, ನನಗೆ ಗೊತ್ತುಂಟು.

ಉಳಿದ 48 ಮೊಗ್ಗು ಸೇರಿಸುತ್ತಿರುವಾಗ ಅತ್ತೆ ತಲೆ ಒರೆಸುತ್ತಾ ಬಂದರು. ನೋಡಿದರು. ಎಂತ ಮಾಡುತ್ತಿದ್ದೀ ಅಂತ ಕೇಳಲಿಲ್ಲ. ತಮ್ಮ ಬುಟ್ಟಿಯಿಂದ ಒಂದು ಹಿಡಿ ಮೊಗ್ಗು ತೆಗೆದು ನನ್ನ ಕಡೆ ಸರಿಸಿದರು.

ಈಗ ಇನ್ನೊಂದು ಪ್ರಶ್ನೆ. ಬೈಬಲಿನಲ್ಲಿ ಸುಂಕದವನಾದ ಜಕ್ಕಾಯ ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದೆ ಕೊಡುತ್ತೇನೆ ಅಂದ. ನಾನು ಯಾರಿಗೆ ಕೊಡಲಿ? ಹೂ ಮುಡಿದವರು ಯಾರೋ, ಯಾವ ಊರಿನವರೋ.

ನೈಟ್‌ಡ್ಯೂಟಿ, ಕಂಕನಾಡಿ:

ಹೂ ತೆಗೆದುಕೊಂಡು ಹೋಗುವವನಿಗೆ ಹೇಳಿ ಅಕ್ಕ. ನಗಬಹುದು. ಆದರೂ ಹೇಳಿ.

ಮಲ್ಲಿಗೆಗಿಡ:

ಹೇಳಿದೆ. ನಗಲಿಲ್ಲ. "ಗೊತ್ತಿತ್ತು ಬಾಯಮ್ಮ" ಅಂದು ಹಾರ್ನ್ ಹಾಕಿ ಹೋದ.

ಶನಿವಾರ ಕುಮ್ಸಾರ್ ಉಂಟು. ಇಪ್ಪತ್ತು ವರ್ಷದ ಬಾಯಿಪಾಠ ಬಿಟ್ಟು ಎಲ್ಲಿಂದ ಶುರು ಮಾಡುವುದೋ ಗೊತ್ತಾಗುತ್ತಿಲ್ಲ. ಕೋಪ ಹೋಯಿತಾ ಅಂತ ಮಾತ್ರ ಕೇಳಬೇಡಿ. ಇವತ್ತು ಅತ್ತೆ 320ರಲ್ಲಿ ಲೆಕ್ಕ ತಪ್ಪಿ, ಎಲ್ಲ ಬಿಡಿಸಿ, ನಾಲ್ಕರಿಂದ ಮತ್ತೆ ಶುರು ಮಾಡಿದರು. ಅಂಗಳದಲ್ಲಿ ಹಾರ್ನ್ ಆಗುತ್ತಿತ್ತು.